ಅಪ್ಪ ಕಚ್ಚಿ ಹಿಡಿದ ಹತ್ತಿ

ನನ್ನ ಲಗ್ನದ ಮಾತುಕತೆಗೂ ಅಪ್ಪನ ದವಡೆ ಹಲ್ಲು ಕೀಳುವುದಕ್ಕೂ ಒಂದೇ ಭಾನುವಾರ ಗೊತ್ತಾಗಿತ್ತು. ಮಾತುಕತೆಯ ದಿನವನ್ನು ಭಾಲ್ಕಿಯ ಗಂಡಿನ ಕಡೆಯವರು ಪಂಚಾಂಗ ನೋಡಿ ಹೇಳಿದ್ದರು. ಹಲ್ಲಿನ ದಿನವನ್ನು ಡಾಕ್ಟರುಗಳು ತಮ್ಮ ರಜೆ ನೋಡಿ ಹೇಳಿದ್ದರು. ಎರಡರಲ್ಲಿ ಒಂದನ್ನಾದರೂ ಮುಂದೆ ಹಾಕಿ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆಣ್ಣು ಕೊಡುವವರ ಮಾತೂ ನಡೆಯುವುದಿಲ್ಲ, ಪುಕ್ಕಟೆ ಇಲಾಜು ಮಾಡಿಸಿಕೊಳ್ಳುವವರ ಮಾತೂ ನಡೆಯುವುದಿಲ್ಲ.

ಅಪ್ಪ ಫೌಜಿನಲ್ಲಿ ಸಿಪಾಯಿ ಆಗಿದ್ದವನು. ಅವನ ಅಣ್ಣ ತೀರಿಹೋದ ಮೇಲೆ ಕುರಿ, ಹೊಲ ನೋಡುವವರಿಲ್ಲ ಎಂದು ಅಜ್ಜಿ ಕರೆಸಿಕೊಂಡಳು. ಪಿಂಚಣಿ ಹತ್ತುವಷ್ಟು ವರ್ಷ ತುಂಬುವ ಮೊದಲೇ ನಮ್ಮೂರು ಔರಾದಿಗೆ ಬಂದುಬಿಟ್ಟ. ಈಗ ಊರಲ್ಲಿ ಒಂದು ಬ್ಯಾಂಕಿನ ಎಟಿಎಂ ಕಾಯುತ್ತಾನೆ. ಅಲ್ಲಿ ಕೂಡಲು ಒಂದು ಕುರ್ಚಿ ಕೊಟ್ಟಿದ್ದಾರೆ. ಪಹರೆಯವನು ಕೂಡಬಾರದು ಎಂದು ಅಪ್ಪ ಅದರ ಪಕ್ಕದಲ್ಲಿ ನಿಂತಿರುತ್ತಾನೆ. ಬಂದ ಜನ ಇದೇನೋ ಸೌಲತ್ತು ಎಂದುಕೊಂಡು ತಾವೇ ಅದರಲ್ಲಿ ಕೂತು ಚಪ್ಪಲಿಯ ಮಣ್ಣು ಕೊಡವಿಕೊಂಡು ಹೋಗುತ್ತಾರೆ.

ಆ ವರ್ಷ ಅವನ ಎಡಗಡೆಯ ದವಡೆ ಹಲ್ಲು ಕೊಳೆತು ಗಲ್ಲ ಊದಿತ್ತು. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಅಂಬಲಿಯಾದ ಮೇಲೆ ಕುಡಿಯುತ್ತಿದ್ದ. ಲವಂಗ ಇಟ್ಟು ನೋಡಿದ, ಉಪ್ಪುನೀರು ಮುಕ್ಕಳಿಸಿದ. ನೋವು ಹ್ಯಾಂಗದ ಎಂದು ಕೇಳಿದರೆ "ಅದರ ಪಾಡಿಗೆ ಅದು ಅದ ಬಿಡು" ಅನ್ನುತ್ತಿದ್ದ. ಕಡಿಮೆ ಆದಾಯದ ಮಾಜಿ ಸೈನಿಕರಿಗೆ ಬೀದರದಲ್ಲಿ ಪುಕ್ಕಟೆ ಹಲ್ಲು ನೋಡುತ್ತಾರೆ ಎಂಬ ಸುದ್ದಿ ಬಂದಾಗ ಅವ್ವ ಅವನ ಹೆಸರು ಬರೆಸಿದಳು.

ನಾನು ಬೀದರದಲ್ಲಿ ಪಶುಸಂಗೋಪನೆಯ ಡಿಪ್ಲೊಮಾ ಓದುತ್ತಿದ್ದೆ. ಕೊನೆಯ ವರ್ಷ. ಅಲ್ಲೇ ಚಿದ್ರಿ ಬಡಾವಣೆಯಲ್ಲಿ ಮೂವರು ಹುಡುಗಿಯರು ಸೇರಿ ಒಂದು ಕೋಣೆ ಹಿಡಿದಿದ್ದೆವು. ದನಕ್ಕೆ ಸೂಜಿ ಹಾಕುವುದು, ಕುರಿಯ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವುದು ನನಗೆ ನೀರು ಕುಡಿದಷ್ಟು ಸಲೀಸು. ಗಂಡಿನ ಕಡೆಯವರಿಗೆ ನಾನು ಪಸಂದಾಗಿದ್ದೆ, ಕುರಿ ಪಸಂದಾಗಿರಲಿಲ್ಲ. ಓದು ಬಿಡಿಸಿ ಈಗಲೇ ಲಗ್ನ ಮಾಡಿಕೊಡಬೇಕು ಎಂಬುದು ಅವರ ಷರತ್ತು. ಭಾಲ್ಕಿಯಲ್ಲಿರುವ ನನ್ನ ಸೋದರಮಾವ ಅದನ್ನು ಫೋನಿನಲ್ಲಿ ತಿಳಿಸಿದ್ದ. ಅವ್ವ ಒಪ್ಪಿಯೂ ಬಿಟ್ಟಿದ್ದಳು, ಗಂಡಿಗೆ ಸ್ವಂತ ಮನೆ ಇತ್ತು ನೋಡಿ.

ನಾನು ಅಪ್ಪನಿಗೆ ಫೋನ್ ಹಚ್ಚಿ ಅತ್ತೆ. ಅಳು ಮುಗಿದ ಮೇಲೆ ಬೈದೆ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟು: "ನಾ ಅದೀನಲ್ಲವ್ವಾ. ಅಲ್ಲಿ ನಾ ಮಾತಾಡ್ತೇನಿ, ನೀ ಸುಮ್ಮನ ಇರು."

ಆ ಒಂದು ಮಾತು ನಂಬಿಕೊಂಡು ನಾನು ಸುಮ್ಮನಾದೆ.

ಹಲ್ಲಿನ ಶಿಬಿರ ಇದ್ದದ್ದು ಚಿದ್ರಿ ಹತ್ತಿರದ ಒಂದು ಫಂಕ್ಷನ್ ಹಾಲಿನಲ್ಲಿ. ಅಪ್ಪ, ಅವ್ವ ಬೆಳಿಗ್ಗೆಯೇ ಔರಾದಿನಿಂದ ಬಂದಿದ್ದರು; ಹಲ್ಲು ಮುಗಿಸಿ ಮೂವರೂ ಭಾಲ್ಕಿಗೆ ಹೋಗುವುದೆಂದಾಗಿತ್ತು. ಹಿಂದಿನ ದಿನ ಅಲ್ಲಿ ಯಾರದೋ ಲಗ್ನ ಆಗಿ, ಹೂವಿನ ಅಲಂಕಾರ ಇನ್ನೂ ಬಿಚ್ಚಿರಲಿಲ್ಲ. ಬೆಳಕು ಚೆನ್ನಾಗಿ ಬೀಳುತ್ತದೆಂದು ಹಲ್ಲು ಕೀಳುವ ಕುರ್ಚಿಯನ್ನು ವೇದಿಕೆಯ ಮೇಲೆ, ಮದುಮಕ್ಕಳ ಎರಡು ಸಿಂಹಾಸನಗಳ ನಡುವೆ ಇಟ್ಟಿದ್ದರು. ಮುಂದಿನ ಸರದಿಯವನು ಮದುಮಗನ ಸಿಂಹಾಸನದಲ್ಲಿ ಗಲ್ಲ ಹಿಡಿದುಕೊಂಡು ಕೂಡಬೇಕು. ಕೀಳಿಸಿಕೊಂಡವನು ಮದುಮಗಳ ಸಿಂಹಾಸನದಲ್ಲಿ ಸುಧಾರಿಸಿಕೊಳ್ಳಬೇಕು. ಬಂದವರೆಲ್ಲ ಇಸ್ತ್ರಿ ಹೊಡೆದ ಅಂಗಿ ತೊಟ್ಟು ಎದೆಗೆ ಪದಕ ಸಿಕ್ಕಿಸಿಕೊಂಡಿದ್ದರು. ಹಲ್ಲು ತೋರಿಸಲು ಪದಕ ಯಾಕೆ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡೆ.

ಬಾಗಿಲಿಗೆ ‘ಬಡ ಮಾಜಿ ಸೈನಿಕರಿಗೆ ಉಚಿತ ದಂತ ಚಿಕಿತ್ಸೆ’ ಎಂದು ಬ್ಯಾನರ್ ಕಟ್ಟಿದ್ದರು. ಅದರ ಕೆಳಗೆ ಹಾದು ಒಳಗೆ ಬರಲು ಒಬ್ಬರೂ ತಯಾರಿಲ್ಲ! ಬಿಸಿಲಲ್ಲಿ ಗಲ್ಲ ಊದಿಸಿಕೊಂಡು ಹೊರಗೇ ನಿಂತರು.

"ಬಡವ ಯಾವನಲೇ ಇಲ್ಲಿ? ದೇಶ ಕಾದಾಂವ ಬಡವ ಹ್ಯಾಂಗ ಆಗ್ತಾನ?" ಎಂದು ಮೀಸೆಯ ಹವಾಲ್ದಾರರೊಬ್ಬರು ಗುಡುಗಿದರು.

ಶಿಬಿರದವರು ಕೈಮುಗಿದರು, ತಪ್ಪು ತಿಳಿಯಬೇಡಿ ಎಂದರು. ಕೊನೆಗೆ ಮಂಟಪದ ಒಂದು ಚೆಂಡುಹೂವಿನ ಮಾಲೆ ಕಿತ್ತು ತಂದು ಬ್ಯಾನರಿನ ಆ ತುದಿಗೆ ಇಳಿಬಿಟ್ಟರು. ‘ಬಡ’ ಮುಚ್ಚಿಹೋಯಿತು. ಆಗ ಎಲ್ಲರೂ ಎದೆ ಸೆಟೆಸಿ ಸಾಲಾಗಿ ಒಳಗೆ ಬಂದರು. ಬಂದವರೇ ಒಬ್ಬೊಬ್ಬರಾಗಿ ಒಳಜೇಬಿಗೆ ಕೈಹಾಕಿ ಕಡಿಮೆ ಆದಾಯದ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಇಡುವಾಗ ಮಾತ್ರ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಟೋಕನ್ ಕೊಟ್ಟರೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುದ್ದೆಯ ಪ್ರಕಾರ ತಾವೇ ಸಾಲು ಮಾಡಿಕೊಂಡರು. ಮೀಸೆಯ ಹವಾಲ್ದಾರರಿಗೆ ಹಲ್ಲಿನ ಯಾವ ತಕರಾರೂ ಇರಲಿಲ್ಲ, ತಂಬಾಕಿನ ಕರೆ ತೆಗೆಸಲು ಬಂದಿದ್ದರು. ಅವರು ಎಲ್ಲರಿಗಿಂತ ಮುಂದೆ. ನನ್ನಪ್ಪ ಬರೇ ಸಿಪಾಯಿ, ಗಲ್ಲ ಬನ್ನಿನಂತೆ ಊದಿದವನು, ಎಲ್ಲರಿಗಿಂತ ಹಿಂದೆ.

"ನೋವು ಜಾಸ್ತಿ ಇರೋರು ಮೊದಲು ಬನ್ನಿ" ಎಂದು ಡಾಕ್ಟರಮ್ಮ ವೇದಿಕೆಯಿಂದ ಕೂಗಿದಳು. ಮೈಸೂರು ಕಡೆಯ ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

ಯಾರೂ ಅಲುಗಲಿಲ್ಲ. ನೋವಿದೆ ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳುವ ಫೌಜಿ ಇನ್ನೂ ಹುಟ್ಟಿಲ್ಲ. ನಾನು ಅಪ್ಪನ ಬೆನ್ನಿಗೆ ತಿವಿದೆ. ಅವನು ಕಲ್ಲಿನಂತೆ ನಿಂತಿದ್ದ.

ಅಂತೂ ಮಧ್ಯಾಹ್ನ ಅವನ ಸರದಿ ಬಂತು. ಡಾಕ್ಟರಮ್ಮ ಒಳ್ಳೆಯವಳು, ಕೈ ಹಗುರ. ಸೂಜಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮಾತಾಡಿಸುತ್ತ ಮಾತಾಡಿಸುತ್ತ ಹಲ್ಲು ಕಿತ್ತು ತಟ್ಟೆಗೆ ಹಾಕಿದಳು. ಆಮೇಲೆ ಅರಳೆಯ ಒಂದು ದಪ್ಪ ಉಂಡೆಯನ್ನು ಆ ಜಾಗದಲ್ಲಿಟ್ಟು ಹೇಳಿದಳು: "ಇದನ್ನ ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ ಅಪ್ಪಾಜಿ. ನಾನು ಹೇಳೋವರೆಗೂ ಬಾಯಿ ತೆಗೀಬಾರದು."

ಅಪ್ಪ ತಲೆಯಾಡಿಸಿದ. ನನ್ನನ್ನು ಗುಳಿಗೆ ತರಲು ಕೆಳಗಿನ ಮೇಜಿಗೆ ಕಳಿಸಿದರು. ನಾನು ಗುಳಿಗೆ, ಚೀಟಿ ತಗೊಂಡು ತಿರುಗುವಷ್ಟರಲ್ಲಿ ಅಪ್ಪ ವೇದಿಕೆಯ ಅಂಚಿನಲ್ಲಿ ನಿಂತು ಡಾಕ್ಟರಮ್ಮನಿಗೆ ಸಲ್ಯೂಟ್ ಹೊಡೆಯುತ್ತಿದ್ದ. ಪಾಪ ಅವಳು ಏನು ಮಾಡಬೇಕೆಂದು ತಿಳಿಯದೆ ಕೈಗವಸಿನಲ್ಲೇ ನಮಸ್ಕಾರ ಮಾಡಿದಳು.

ಭಾಲ್ಕಿಯ ಬಸ್ಸಿನಲ್ಲಿ ಅರ್ಧ ದಾರಿ ಹೋದ ಮೇಲೆ ನಾನು, "ಅಪ್ಪಾ, ಸಾಕು, ಇನ್ ತೆಗಿ. ಅಲ್ಲಿ ಹೋಗಿ ಮಾತಾಡಬೇಕಲ್ಲ" ಎಂದೆ. ಅಪ್ಪ ಕೈ ಅಡ್ಡ ಹಿಡಿದ. ಆಮೇಲೆ ಹೆಗಲ ಮೇಲೆ ಮೂರು ಬೆರಳು ಬಡಿದು ತೋರಿಸಿದ. ನನಗೆ ತಲೆಬುಡ ತಿಳಿಯಲಿಲ್ಲ, ಅವ್ವನಿಗೆ ತಿಳಿಯಿತು.

"ಫೌಜಿನ್ಯಾಗ ಡಾಕ್ಟರ್ ಅಂದ್ರ ಕ್ಯಾಪ್ಟನ್ ಸಾಬ್ ಇರ್ತಾರಂತ. ಮೂರು ಚುಕ್ಕಿ. ಕ್ಯಾಪ್ಟನ್ ಹುಕುಮ್ ಆಗ್ಯದ ಅನ್ಲತ್ತಾರ. ಪಹರೆಕ್ಕ ನಿಲ್ಲಿಸ್ದಾಂವನೇ ಬಂದು ಇಳಸಬೇಕಂತ" ಎಂದು ಅವ್ವ ಹಣೆ ಬಡಿದುಕೊಂಡಳು.

"ಯವ್ವಾ, ಆಕಿ ಎಲ್ಲಿ ಕ್ಯಾಪ್ಟನ್? ಆಕಿ ಕಾಲಾಗ ರಬ್ಬರ್ ಚಪ್ಪಲ್ ಇದ್ದವು!"

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವ್ವ ಇಡೀ ಬಸ್ಸಿಗೆ ಕೇಳುವಂತೆ, "ಬಾಯಿ ಇದ್ದಾಂವ ಬರಗಾಲದಾಗೂ ಬದುಕ್ಯಾನ ಅಂತಾರ. ಇವ್ರು ಇದ್ದ ಬಾಯಿನೂ ಸೀಲ್ ಮಾಡ್ಕೊಂಡ್ ಬಂದಾರ" ಎಂದಳು. ನನಗೆ ಅವ್ವನಿಗಿಂತ ಹತ್ತು ಪಟ್ಟು ಸಿಟ್ಟು ಬಂದಿತ್ತು. ನಾ ಮಾತಾಡ್ತೇನಿ ಎಂದ ಮನುಷ್ಯ ಇವನು! ಕಿತ್ತದ್ದು ಹಲ್ಲು, ಇವನು ನಾಲಿಗೆಗೂ ರಜೆ ಹಾಕಿಕೊಂಡ. ಇನ್ನು ನನ್ನ ಓದಿಗೆ ಯಾರು ದಿಕ್ಕು?

ಸೋದರಮಾವನ ಮನೆಯಲ್ಲಿ ಗಂಡಿನ ಕಡೆಯವರು ಆಗಲೇ ಬಂದು ಕೂತಿದ್ದರು. ಗಂಡಿಗೆ ಅಪ್ಪ ಇರಲಿಲ್ಲ, ಅವನ ದೊಡ್ಡಪ್ಪನೇ ಯಜಮಾನ. ಆ ದೊಡ್ಡಪ್ಪನ ದನಿ ಎಂಥದೆಂದರೆ, ನೀರು ಕೇಳಿದರೂ ಜಗಳ ತೆಗೆದಂತೆ ಕೇಳುತ್ತಿತ್ತು. ಗಂಡು ಉಪ್ಪಿಟ್ಟು ತಿನ್ನುತ್ತಿದ್ದ. ಆ ಸಂಜೆ ಅವನು ಮಾಡಿದ್ದು ಅಷ್ಟೇ, ಅವನ ಬಗ್ಗೆ ಹೇಳಲು ಬೇರೇನೂ ಇಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡೆ.

ಅಪ್ಪನಿಗೆ ಹಲ್ಲು ಕಿತ್ತಿದ್ದಾರೆ, ಮಾತಾಡಲಾಗುವುದಿಲ್ಲ ಎಂದು ಮಾವ ತಿಳಿಸಿದ.

"ಅದಕ್ಕೇನ್ರಿ? ಮಾತು ಬೆಳ್ಳಿ, ಮೌನ ಬಂಗಾರ. ನಾ ಮಾತಾಡ್ತೇನಿ, ಬೀಗರು ಕೇಳ್ಲಿ" ಎಂದು ದೊಡ್ಡಪ್ಪ ಶುರು ಮಾಡಿದ. "ಹುಡುಗಿ ಚಲೋ ಅದಾಳ. ಆದ್ರ ಕುರಿ ಬಾಯಾಗ ಕೈ ಹಾಕೋ ಸೊಸಿ ನಮಗ್ ಬ್ಯಾಡ್ರಿ. ನಾಳಿಗೇ ಓದು ಬಿಡಸ್ರಿ. ಕಬೂಲ್ ಏನು?"

ಅಪ್ಪ ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗೈ ಮೊಣಕಾಲ ಮೇಲಿಟ್ಟು, ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ.

"ಬಾಯಿ ಬ್ಯಾಡ್ರಿ, ತಲಿ ಅಲ್ಲಾಡಿಸಿದ್ರೂ ಸಾಕು."

ತಲೆಯೂ ಅಲ್ಲಾಡಲಿಲ್ಲ. ದೊಡ್ಡಪ್ಪ ಇನ್ನೊಮ್ಮೆ ಕೇಳಿದ. ಅಪ್ಪನ ಕಣ್ಣರೆಪ್ಪೆ ಕೂಡ ಮಿಟುಕಲಿಲ್ಲ. ಗಂಡಿನ ಕಡೆಯ ಹೆಂಗಸರು ಕ್ಯಾಲೆಂಡರಿನಲ್ಲಿ ಏನಿದೆ ಎಂದು ತಿರುಗಿ ನೋಡಿದರು.

"ಆಯ್ತು ಬಿಡ್ರಿ. ಸುಮ್ಮ ಕುಂತಾರಂದ್ರ ಒಪ್ಪಿದ್ಹಂಗ! ಸಕ್ಕರಿ ತರ್ರಿ" ಎಂದು ದೊಡ್ಡಪ್ಪ ತೊಡೆ ತಟ್ಟಿದ.

ನಮ್ಮಲ್ಲಿ ಮಾತು ಪಕ್ಕಾ ಆಗುವುದು ಸಕ್ಕರೆಯಿಂದ. ಗಂಡಿನ ಕಡೆಯ ಹಿರಿಯ ಹೆಣ್ಣಿನ ಅಪ್ಪನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಾನೆ. ಅದು ನಾಲಿಗೆ ಮುಟ್ಟಿತೆಂದರೆ ಮುಗಿಯಿತು, ಆಮೇಲೆ ದೇವರು ಬಂದರೂ ಮಾತು ತಿರುಗಿಸುವಂತಿಲ್ಲ. ಅವ್ವ ಸಕ್ಕರೆಯ ತಟ್ಟೆ ತಂದಿಟ್ಟಳು. ದೊಡ್ಡಪ್ಪ ಚಿಟಿಕೆ ತುಂಬಿಕೊಂಡು ಅಪ್ಪನ ಮುಖದ ಮುಂದೆ ಬಗ್ಗಿದ.

"ಆಂ ಅನ್ರಿ ಬೀಗರ."

ಬಾಯಿ ತೆರೆಯಲಿಲ್ಲ.

"ಒಂದೀಟ್ ತೆರೀರಿ. ಸಂದ್ಯಾಗಿಂದ ಹಾಕ್ತೇನಿ."

ತುಟಿ ಇನ್ನಷ್ಟು ಬಿಗಿಯಿತು. ದೊಡ್ಡಪ್ಪನ ಬೆರಳು ತುಟಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಉಣ್ಣದ ಕೂಸಿಗೆ ಉಣಿಸುವವರ ಹಾಗೆ ದೊಡ್ಡಪ್ಪ ತಾನೇ ಬಾಯಿ ಕಳೆದು ತೋರಿಸಿದ. ಸಕ್ಕರೆ ಅವನ ಬೆವರಿಗೆ ಅಂಟತೊಡಗಿತು. "ಮಂದಿ ನೋಡ್ಲತ್ತಾರ್ರಿ, ನನ್ ಮರ್ಯಾದಿ ಹೋಗ್ಲತ್ತದ" ಎಂದು ಅವ್ವ ಸೆರಗಿನ ಮರೆಯಲ್ಲೇ ಹಲ್ಲು ಕಡಿದಳು. ಡಾಕ್ಟರ ಹುಕುಮಿನ ವಿಷಯ ಹೇಳಲೇಬೇಕಾಯಿತು, ಹೇಳಿದಳು.

"ಹುಕುಮ್ ಅಂದ್ರ ಹುಕುಮೇ ಬೇಕು. ನಮ್ ಓಣ್ಯಾಗ ಸುಬೇದಾರ್ ಸಾಬರು ಅದಾರ" ಎಂದು ಮಾವ ಎದ್ದು ಓಡಿದ.

ರಿಟಾಯರ್ಡ್ ಸುಬೇದಾರ್ ಸಾಹೇಬರು ಬನಿಯನ್ ಲುಂಗಿಯಲ್ಲೇ ಬಂದರು. ವಿಷಯ ಕೇಳಿಕೊಂಡರು. ಲುಂಗಿ ಬಿಗಿದು ಕಟ್ಟಿ, ಉಸಿರು ಎಳೆದು, "ಸಾವಧಾನ್!" ಎಂದು ಗರ್ಜಿಸಿದರು. ಅಪ್ಪ ಚಂಗನೆ ಎದ್ದು ಕಾಲು ಜೋಡಿಸಿ ನಿಂತ. ಗಂಡೂ ಎದ್ದು ನಿಂತ, ಅವನ ಮಡಿಲಿನ ಉಪ್ಪಿಟ್ಟು ಜಮಖಾನೆಯ ಮೇಲೆ ಬಿತ್ತು.

"ಮೂಹ್ ಖೋಲ್!"

ಅಪ್ಪ ಬಾಯಿ ತೆರೆಯಲಿಲ್ಲ. ಜೇಬಿನಿಂದ ಗುಳಿಗೆಯ ಚೀಟಿ ತೆಗೆದು ಎರಡೂ ಕೈಯಿಂದ ಒಪ್ಪಿಸಿದ. ಅದರಲ್ಲಿದ್ದದ್ದು ಎರಡು ಗುಳಿಗೆಗಳ ಹೆಸರು ಅಷ್ಟೇ, ಆದರೆ ಇಂಗ್ಲಿಷಿನಲ್ಲಿತ್ತು. ಸುಬೇದಾರರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ಮುಖ ಗಂಭೀರವಾಯಿತು.

"ಇದು ಮೆಡಿಕಲ್ ಕೇಸ್ ಅದರಿ. ಡಾಕ್ಟರ್ ಹುಕುಮ್ ಮ್ಯಾಲ ಜನರಲ್ ಸಾಬಂದೂ ನಡ್ಯಂಗಿಲ್ಲ, ನಂದೇನ್ ನಡೀತದ?" ಎಂದು ಚೀಟಿ ವಾಪಸು ಕೊಟ್ಟು, "ವಿಶ್ರಾಮ್" ಎಂದರು. ಆಮೇಲೆ ತಾವೂ ಕೂತು ಚಹಾ ಕೇಳಿದರು.

ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಮಾವನಿಗೆ ಬುದ್ಧಿ ಓಡಿತು. "ಸೋದರಮಾವಂದೂ ಹಕ್ಕು ಅದರಿ. ಭಾವನ ಬದ್ಲಿ ನನ್ ಬಾಯಾಗ ಹಾಕ್ರಿ, ಪಕ್ಕಾ ಆತು ಅನ್ರಿ" ಎಂದು ಗಂಡಿನ ದೊಡ್ಡಪ್ಪನ ಮುಂದೆ ಕೂತು, ಕಣ್ಣು ಮುಚ್ಚಿ, ಅಷ್ಟಗಲ ಬಾಯಿ ತೆರೆದ. ನಾನು ಎಷ್ಟೋ ಕುರಿಗಳ ಬಾಯಿ ನೋಡಿದ್ದೇನೆ, ಎಮ್ಮೆಯ ಬಾಯಿಯಲ್ಲಿ ಮೊಳಕೈತನಕ ಕೈ ಹಾಕಿದ್ದೇನೆ. ಆ ಬಾಯಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ನನ್ನ ಕಾಲೇಜು, ನನ್ನ ಪರೀಕ್ಷೆ, ನನ್ನ ಬಿಳಿ ಕೋಟು ಎಲ್ಲವೂ ಒಂದು ಚಿಟಿಕೆ ಸಕ್ಕರೆಯ ಜೊತೆ ಮಾವನ ಗಂಟಲಲ್ಲಿ ಇಳಿಯುವುದರಲ್ಲಿದ್ದವು.

ದೊಡ್ಡಪ್ಪನ ಕೈ ಮುಂದೆ ಬಂತು. ಅಪ್ಪ ಎರಡು ಹೆಜ್ಜೆ ನುಗ್ಗಿ ತನ್ನ ಅಂಗೈಯಿಂದ ಮಾವನ ಬಾಯಿ ಮುಚ್ಚಿದ! ಸಕ್ಕರೆ ಅಪ್ಪನ ಮುಂಗೈ ಮೇಲೆ ಬಿದ್ದು ಚೆಲ್ಲಿತು. ಮಾವ ಒಳಗಿಂದ ಏನೋ ಗೊಣಗಿದ, ಅಪ್ಪ ಕೈ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು, ತಿರುಗಿ ನನ್ನನ್ನು ನೋಡಿದ. ಬಾಗಿಲಲ್ಲಿ ನಿಂತ ನನ್ನನ್ನೇ. ಇನ್ನೊಂದು ಕೈಯಿಂದ, ಬಾ ಎಂಬಂತೆ ಸನ್ನೆ ಮಾಡಿದ.

ಅಲ್ಲಿದ್ದ ಬಾಯಿಗಳಲ್ಲಿ ನನಗಾಗಿ ಉಳಿದದ್ದು ನನ್ನದೊಂದೇ ಎಂದು ಆಗ ತಿಳಿಯಿತು.

ಮುಂದೆ ಬಂದೆ. ಯಾರ ಮುಖ ನೋಡಲೂ ಧೈರ್ಯವಾಗದೆ ಸಕ್ಕರೆಯ ತಟ್ಟೆಯನ್ನೇ ನೋಡುತ್ತ ಹೇಳಿದೆ: "ನಾ ಓದು ಬಿಡಂಗಿಲ್ರಿ. ಮುಗಿಸೇ ಲಗ್ನ ಆಗ್ತೇನಿ. ಕುರಿ ಬಾಯಾಗ ಕೈ ಹಾಕಾಕಿ ನಿಮಗ್ ಬ್ಯಾಡಂದ್ರ, ನೀವೂ ನನಗ್ ಬ್ಯಾಡ್ರಿ."

ಸುಬೇದಾರರು ಸೊರ್ರನೆ ಚಹಾ ಹೀರಿದರು. ಗಂಡಿನ ದೊಡ್ಡಪ್ಪ ಎದ್ದು ಕೈ ಕೊಡವಿಕೊಂಡ.

"ಗಂಡಸು ಬಾಯಿ ಮುಚ್ಕೊಂಡಾನ, ಹೆಣ್ಣು ಬಾಯಿ ತೆರದಾಳ. ಎಂಥಾ ಮನಿರಿ ಇದು!"

ಅವರು ಹೊರಟುಹೋದರು. ಗಂಡು ಹೋಗುವಾಗ ಚೆಲ್ಲಿದ ಉಪ್ಪಿಟ್ಟಿನ ಕಡೆ ಒಮ್ಮೆ ನೋಡಿದ. ಸುಬೇದಾರರು ಎರಡನೇ ಚಹಾ ಮುಗಿಸಿ, ಅಪ್ಪನ ಬೆನ್ನು ತಟ್ಟಿ, ಆಮೇಲೆ ಹೋದರು.

ಭಾಲ್ಕಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಔರಾದ ಬಸ್ಸಿಗಾಗಿ ಕೂತಾಗ ಹೊತ್ತು ಇಳಿದಿತ್ತು. ಅವ್ವ ನಮ್ಮಿಬ್ಬರಿಗೂ ಬೆನ್ನು ಮಾಡಿ ಕೂತಿದ್ದಳು. ಅಪ್ಪನ ಬಾಯಲ್ಲಿ ಹತ್ತಿ ಇನ್ನೂ ಇತ್ತು. ಈ ಮನುಷ್ಯ ರಾತ್ರಿ ಉಣ್ಣುವುದು ಹೇಗೆ ಎಂದು ಚಿಂತೆಯಾಗಿ, ಶಿಬಿರದ ಕರಪತ್ರದಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಅವರು ಇವರು ಎಂದು ಕೊನೆಗೆ ಡಾಕ್ಟರಮ್ಮನೇ ಸಿಕ್ಕಳು. ಅಪ್ಪನಿಗೂ ಹುಕುಮ್ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅಯ್ಯೋ, ಇನ್ನೂ ಹತ್ತಿ ಇಟ್ಕೊಂಡಿದ್ದಾರಾ?" ಎಂದು ಅವಳು ಗಾಬರಿಯಾದಳು. "ನೀವು ಗುಳಿಗೆ ತರೋಕೆ ಹೋದಾಗ ಅವರಿಗೇ ಹೇಳಿದ್ನಲ್ಲ, ಅರ್ಧ ಗಂಟೆ ಆದ್ಮೇಲೆ ತೆಗೆದುಬಿಡಿ, ಆಮೇಲೆ ಮಾತಾಡಬಹುದು ಅಂತ. ಗೊತ್ತಾಯ್ತಾ ಅಪ್ಪಾಜಿ ಅಂದೆ. ಅದಕ್ಕೇ ತಾನೇ ಸಲ್ಯೂಟ್ ಹೊಡೆದಿದ್ದು?"

ಫೋನ್ ಇಟ್ಟೆ. ಅವ್ವ ತಿರುಗಿ ಕೂತಳು. ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡದೆ ಎದ್ದು ಹೋಗಿ, ಹತ್ತಿ ತೆಗೆದು ಕಸದ ಡಬ್ಬಿಗೆ ಹಾಕಿ, ಟವೆಲಿನಿಂದ ಬಾಯಿ ಒರೆಸಿಕೊಂಡು ಬಂದು ಕೂತ.

"ಗೊತ್ತಿತ್ತೇನಪ್ಪಾ ನಿನಗ?"

"ಗೊತ್ತಿತ್ತವ್ವಾ."

"ಮತ್ತ್ಯಾಕ ಮಾತಾಡ್ಲಿಲ್ಲ? ನಾ ಮಾತಾಡ್ತೇನಿ ಅಂದಿದ್ದಿ!"

ಅವನ ದವಡೆ ಇನ್ನೂ ಜೋಮು ಹಿಡಿದಿತ್ತು, ಮಾತು ನಿಧಾನವಾಗಿ ಬಂತು.

"ಜೋರ್ ದನಿಲಿಂದ ಯಾರರ ಏನರ ಅಂದ್ರ, ನನ್ ಬಾಯಾಗಿಂದ ಹೂಂ ಅಂತ ಬಂದುಬಿಡ್ತದವ್ವಾ. ಫೌಜಿನ್ಯಾಗೂ ಹಂಗೇ, ಊರಾಗೂ ಹಂಗೇ. ಇಲ್ಲ ಅನ್ನಾದು ನನಗ್ ಬರಂಗಿಲ್ಲ. ನಿನಗ ಬರ್ತದ. ಅದಕ್ಕ ನಾ ಮುಚ್ಕೊಂಡ್ ಕುಂತೆ."

ಗಂಡಿನ ದೊಡ್ಡಪ್ಪನೆದುರು ಬಾರದ ಅಳು ನನಗೆ ಅಲ್ಲಿ ಬಂತು. ಮಂದಿ ನೋಡುತ್ತಿದ್ದರೂ ನಿಲ್ಲಲಿಲ್ಲ. ಅಷ್ಟರಲ್ಲಿ ಔರಾದ ಬಸ್ಸು ಬಂತು. ಅವ್ವ ಅಪ್ಪನ ಹೆಗಲಿನ ಟವೆಲ್ ಎಳೆದುಕೊಂಡು ಓಡಿ, ಕಿಟಕಿಯೊಳಗಿಂದ ಎಸೆದು ಮೂವರಿಗೂ ಸೀಟು ಹಿಡಿದಳು.